ಹೆಲ್ಮೆಟ್ ಹಾಕಿಸಿ ಫೋಟೋ ತೆಗೆದರೆ ತಪಾಸಣೆ ಆಗಲ್ಲ: ಗುಡ್ಡ ಕಡಿದು ಮನೆ ಕಟ್ಟುವವರಿಗೆ

ಮಡಿಕೇರಿ ಸುತ್ತಮುತ್ತ ಯಾರಾದರೂ ಗುಡ್ಡ ಕಡಿಸಿ ಮನೆಯೋ ಹೋಂಸ್ಟೇಯೋ ಕಟ್ಟಿಸುತ್ತಿದ್ದರೆ ದಯವಿಟ್ಟು ಇದನ್ನು ಓದಿ. ಅದರಲ್ಲೂ "ಸೇಫ್ಟಿ ಇನ್‌ಸ್ಪೆಕ್ಷನ್ ನಮ್ಮ ಪ್ಯಾಕೇಜಿನಲ್ಲೇ ಇದೆ ಸಾರ್" ಎಂದು ಕಂಟ್ರಾಕ್ಟರ್ ಹೇಳಿದ್ದನ್ನು ಕೇಳಿ ನೆಮ್ಮದಿಯಾಗಿ ಕೂತಿದ್ದರೆ ಖಂಡಿತ ಓದಿ. ನಾನೂ ಹಾಗೇ ಕೂತಿದ್ದೆ. ಏಪ್ರಿಲ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ಜರಿದು ಒಬ್ಬ ಹುಡುಗ ಸೊಂಟದ ಮೇಲಿನವರೆಗೆ ಮಣ್ಣಲ್ಲಿ ಹೂತುಹೋದ. ಬದುಕಿದ್ದಾನೆ. ಅದಕ್ಕೆ ಆರು ದಿನ ಮುಂಚೆ "ಎಲ್ಲ ತೃಪ್ತಿಕರ" ಎನ್ನುವ 14 ಪುಟದ ವರದಿಗೆ ನಾನೇ ಸಹಿ ಹಾಕಿದ್ದೆ.

ನಾನು ಇಂಜಿನಿಯರ್ ಅಲ್ಲ. ಗಾಳಿಬೀಡು ಕಡೆ ಐದೆಕರೆ ಕಾಫಿ, ಒಂದಿಷ್ಟು ಕರಿಮೆಣಸು. ಹಳೆ ಮನೆ ಸೋರುತ್ತಿತ್ತು, ಹೊಸದು ಕಟ್ಟಿಸೋಣ ಅಂತ ಹೊರಟೆ. ನಮ್ಮ ಕಡೆ ಸಮತಟ್ಟು ಜಾಗ ಎಲ್ಲಿದೆ ಹೇಳಿ. ಮನೆ ಕಟ್ಟಬೇಕು ಅಂದರೆ ಗುಡ್ಡ ಕಡಿಯಲೇಬೇಕು. ಹಿಟಾಚಿ ತರಿಸಿ ಹಿಂದುಗಡೆ 14 ಅಡಿ ಎತ್ತರಕ್ಕೆ ಕಡಿಸಿದರು. ಗೋಡೆ ಎಬ್ಬಿಸಿದ ಹಾಗೆ ನೇರ. ನೋಡಲು ಏನು ಚಂದ ಅಂತೀರಿ, ಕೆಂಪು ಮಣ್ಣು ಚಾಕುವಲ್ಲಿ ಕೊಯ್ದ ಕೇಕಿನ ಹಾಗೆ. ಕೆಳಗೆ ನಾಲ್ಕೈದು ಅಡಿ ಮಾತ್ರ ಬಣ್ಣ ಬೇರೆ. ಬಿಳಿ, ನಸುಗೆಂಪು ಮಿಶ್ರ, ಮುಟ್ಟಿದರೆ ಪೌಡರಿನ ಹಾಗೆ ನುಣ್ಣಗೆ. ಅದು ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಮುದ್ದೆ. ಇದು ನನಗೆ ಆಮೇಲೆ ತಿಳಿದದ್ದು. ಆಗ ಅದರ ಮುಂದೆ ನಿಂತು ಸೆಲ್ಫಿ ತೆಗೆದಿದ್ದೆ.

ಆ ಬರೆಗೆ ಸೈಜುಗಲ್ಲಿನ ತಡೆಗೋಡೆ ಕಟ್ಟುವ ಪ್ಲಾನು. ಗೋಡೆಗೆ ಪಾಯ ಬೇಕಲ್ಲ, ಬರೆಯ ಬುಡದಲ್ಲೇ 6 ಅಡಿ ಆಳ, 45 ಅಡಿ ಉದ್ದ ಒಂದೇ ದಿನದಲ್ಲಿ ತೋಡಿಸಿದರು. ಯಾಕೆ ಒಂದೇ ದಿನ? ಹಿಟಾಚಿಗೆ ಗಂಟೆ ಲೆಕ್ಕದ ಬಾಡಿಗೆ. ಪದೇಪದೇ ಕರೆಸಿದರೆ ಖರ್ಚು ಜಾಸ್ತಿ. ತೋಡಿದ ಮಣ್ಣನ್ನು ಸಾಗಿಸಲು ಟಿಪ್ಪರ್ ಬಂದಿರಲಿಲ್ಲ, ಅರ್ಧ ಮಣ್ಣು ಗುಂಡಿಯ ಅಂಚಿನಲ್ಲೇ ಬಿತ್ತು. ಮೊದಲು ಕಡಿದ ಮಣ್ಣಿನ ರಾಶಿ ಬರೆಯ ತಲೆ ಮೇಲೆ ಮೊದಲೇ ಕೂತಿತ್ತು. ಅಂದರೆ ಕಾಲು ಕಡಿದು ತಲೆ ಮೇಲೆ ಹೊರೆ ಹೊರಿಸಿದ ಹಾಗಾಯ್ತು. ಇಷ್ಟು ಅರ್ಥ ಮಾಡಿಕೊಳ್ಳಲು ಇಂಜಿನಿಯರ್ ಆಗಿರಬೇಕಿಲ್ಲ. ಆದರೂ ನನಗೆ ಹೊಳೆಯಲಿಲ್ಲ.

ಈಗ ತಪಾಸಣೆ ಕಥೆಗೆ ಬರ್ತೀನಿ. ಎಸ್ಟಿಮೇಟಿನಲ್ಲಿ "ಸುರಕ್ಷತಾ ತಪಾಸಣೆ, 3 ಭೇಟಿ" ಅಂತ ಒಂದು ಸಾಲಿತ್ತು, ಭೇಟಿಗೆ 4,000 ರೂಪಾಯಿ. ಒಳ್ಳೆಯದೇ ಅಲ್ವಾ ಅಂದುಕೊಂಡೆ. 2018ರ ಆಗಸ್ಟಿನ ಭೂಕುಸಿತ ನೋಡಿದವರು ನಾವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ... ಆ ಹೆಸರುಗಳನ್ನು ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ಸಲ ಬಂದು ನೋಡಿದ ಭೂವಿಜ್ಞಾನಿಗಳು, ಮಳೆಯ ಜೊತೆಗೆ ಮನೆ ರಸ್ತೆ ಅಂತ ಇಳಿಜಾರು ಕಡಿದದ್ದೂ ಕಾರಣ ಎಂದು ಹೇಳಿದ್ದರು. ಹಾಗಾಗಿ ಯಾರೋ ತಿಳಿದವರು ಬಂದು ನೋಡುತ್ತಾರೆ ಅಂದರೆ ದುಡ್ಡು ಕೊಡಲು ಬೇಜಾರಾಗಲಿಲ್ಲ.

ಮೊದಲನೇ ಭೇಟಿಯಲ್ಲಿ ನಾನು ಊರಲ್ಲಿರಲಿಲ್ಲ. ಎರಡನೆಯದಕ್ಕೆ ಇದ್ದೆ. ಶುಕ್ರವಾರ. ಹಿಂದಿನ ಸಂಜೆ 1 ಇಂಚು 40 ಸೆಂಟ್ (1.40 ಇಂಚು) ಮಳೆ ಬಂದಿತ್ತು, ನಮ್ಮ ಮಳೆಮಾಪಕದಲ್ಲಿ ನಾನೇ ಅಳೆದು ಬರೆದಿಟ್ಟಿದ್ದೆ. ಕಾಫಿಗೆ ಒಳ್ಳೆಯ ಬ್ಯಾಕಿಂಗ್ (ಹೂ ಅರಳಿದ ಮೇಲೆ ಬೇಕಾಗುವ ಮಳೆ) ಅಂತ ಖುಷಿಯಲ್ಲಿದ್ದೆ. ಹನ್ನೊಂದು ಗಂಟೆಗೆ ತಪಾಸಣೆಯವರ ಕಾರು ಬಂತು. ಇಸ್ತ್ರಿ ಹಾಕಿದ ಅಂಗಿ, ಕುತ್ತಿಗೆಗೆ ಐಡಿ ಕಾರ್ಡು. ಶೂಗೆ ಕೆಸರು ಆಗುತ್ತದೆ ಅಂತ ಜಲ್ಲಿ ರಾಶಿಯ ಹತ್ತಿರವೇ ನಿಂತರು. ಡಿಕ್ಕಿ ತೆಗೆದು ಮೂರು ಹಳದಿ ಹೆಲ್ಮೆಟ್, ಎರಡು ರೇಡಿಯಂ ಜಾಕೆಟ್ ಹೊರಗಿಟ್ಟರು. ಗುಂಡಿಯಲ್ಲಿದ್ದ ಮೂವರನ್ನು ಮೇಲೆ ಕರೆದು ಹಾಕಿಸಿದರು. "ಸ್ವಲ್ಪ ನಗ್ರಪ್ಪ" ಅಂದರು. ಫೋಟೋ ತೆಗೆದರು. ಹೆಲ್ಮೆಟ್ ವಾಪಸ್ ಡಿಕ್ಕಿಗೆ ಹೋಯಿತು. ಹುಡುಗರು ಬರಿತಲೆಯಲ್ಲಿ ವಾಪಸ್ ಗುಂಡಿಗೆ ಹೋದರು. ಒಟ್ಟು ಇಪ್ಪತ್ತು ನಿಮಿಷ. ಅದರಲ್ಲಿ ಐದು ನಿಮಿಷ ನಮ್ಮ ಮನೆಯ ಕಾಫಿ.

"ಹಿಂದುಗಡೆ ಬರೆ ನೋಡಲ್ವಾ ಸಾರ್?" ಅಂತ ಕೇಳಿದೆ, ಸುಮ್ನೆ ಬಾಯಿ ಮಾತಿಗೆ.

"ಇಲ್ಲಿಂದಲೇ ಕಾಣ್ತದಲ್ಲ. ಸಾಯಿಲ್ ಗಟ್ಟಿ ಇದೆ" ಅಂದರು.

ಅವರು ಬರೆಯ ಮೇಲೆ ಹತ್ತಲೇ ಇಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ. ಗುಡ್ಡ ಕಡಿದ ಜಾಗದಲ್ಲಿ ಅಪಾಯದ ಗುರುತು ಹೆಚ್ಚಾಗಿ ಮೊದಲು ಕಾಣುವುದು ಮೇಲೆ, ಕೆಳಗಲ್ಲ.

ಸಂಜೆ ವರದಿ ವಾಟ್ಸಾಪಿಗೆ ಬಂತು. 14 ಪುಟ, ಬಣ್ಣಬಣ್ಣದ ಟೇಬಲ್. ಅಗೆತ: ತೃಪ್ತಿಕರ. ವಿದ್ಯುತ್: ತೃಪ್ತಿಕರ. ಸಾರುವೆ: ತೃಪ್ತಿಕರ. ನಮ್ಮಲ್ಲಿ ಆಗಿನ್ನೂ ಸಾರುವೆ ಕಟ್ಟಿರಲೇ ಇಲ್ಲ! ಪಾಯ ತೋಡುವ ಹೊತ್ತಿಗೆ ಸಾರುವೆ ಎಲ್ಲಿಂದ ಬರಬೇಕು? ಆಗಲೂ ನನಗೆ ಅನುಮಾನ ಬರಲಿಲ್ಲ. ಫಾರ್ಮಿನಲ್ಲಿ ಇರುತ್ತದೆ, ತುಂಬಿರುತ್ತಾರೆ ಅಂತ ಬಿಟ್ಟೆ. ಒಂಬತ್ತನೇ ಪುಟದಲ್ಲಿ ಪಾಯದ ಗುಂಡಿಯ ಫೋಟೋ ಇತ್ತು. ಅಚ್ಚುಕಟ್ಟಾಗಿ ಹಲಗೆ ಕೊಟ್ಟು ನಿಲ್ಲಿಸಿದ ಗುಂಡಿ, ಪಕ್ಕದಲ್ಲಿ ಏಣಿ. ಪ್ರಿಂಟ್ ತೆಗೆಸಿ ಕೊನೆ ಪುಟದಲ್ಲಿ "ಓದಿದ್ದೇನೆ, ಒಪ್ಪಿದ್ದೇನೆ, ಮಾಲೀಕರು" ಅನ್ನುವಲ್ಲಿ ಸಹಿ ಹಾಕಿ ಕಳಿಸಿದೆ.

ಭಾನುವಾರ ನಮ್ಮ ತೋಟದಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡುವ ಅಜ್ಜಿ ಸೌದೆಗೆ ಅಂತ ಬರೆಯ ಮೇಲ್ಗಡೆ ಹೋಗಿದ್ದರು. ವಾಪಸ್ ಬಂದು ಬಾಗಿಲಲ್ಲಿ ನಿಂತರು. "ಸಾವ್ಕಾರ್ರೇ, ಮೇಲೆ ನೆಲ ಬಾಯಿ ಬಿಟ್ಟದೆ. ನನ್ನ ಕಾಲೇ ಸಿಕ್ಕಾಕೊಳ್ತು." ಹೋಗಿ ನೋಡಿದೆ. ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ, ಸಿಲ್ವರ್ ಓಕ್ ಮರದ ಬುಡದ ಹತ್ತಿರ, ತರಗೆಲೆ ಕೆಳಗೆ ಒಂದು ಬಿರುಕು. ಎರಡು ಬೆರಳು ಅಗಲ ಇರಬಹುದು. ಅಜ್ಜಿ ಕೈಯಲ್ಲಿದ್ದ ಕತ್ತಿಯನ್ನು ಒಳಗೆ ಬಿಟ್ಟರು. ಹಿಡಿವರೆಗೆ ಸಲೀಸಾಗಿ ಇಳಿಯಿತು. ಬಿರುಕು ನೇರ ಇರಲಿಲ್ಲ, ಬಿಲ್ಲಿನ ಹಾಗೆ ಬಾಗಿ ಎರಡೂ ಕಡೆ ಅಂಚಿಗೆ ಬಂದು ಸೇರುತ್ತಿತ್ತು. ಸಿಲ್ವರ್ ಮರ ಹೊರಗಡೆಗೆ ಸ್ವಲ್ಪ ವಾಲಿತ್ತು. ಅದಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿಯೂ.

ಕಂಟ್ರಾಕ್ಟರಿಗೆ ಫೋನ್ ಮಾಡಿದೆ. "ಅದು ಬಿಸಿಲಿಗೆ ಬಿಟ್ಟ ಬಿರುಕು ಸಾರ್. ಮೊನ್ನೆ ತಾನೆ ಇನ್‌ಸ್ಪೆಕ್ಷನ್ ಆಗಿದೆಯಲ್ಲ, ರಿಪೋರ್ಟ್ ಓಕೆ ಇದೆ. ನೀವೇ ಸೈನ್ ಮಾಡಿದ್ದೀರಿ."

ಹೌದಲ್ಲ ಅನ್ನಿಸಿತು. ಅಜ್ಜಿಯ ಕತ್ತಿ ಹಿಡಿವರೆಗೆ ಇಳಿದದ್ದನ್ನು ಕಣ್ಣಾರೆ ನೋಡಿ, ಕಾಗದವನ್ನು ನಂಬಿದೆ. ನಾಲ್ಕು ಸಾವಿರ ಕೊಟ್ಟ ಕಾಗದ ಅಲ್ವಾ. ಅಲ್ಲೇ ಕೆಲಸ ನಿಲ್ಲಿಸಬೇಕಿತ್ತು. ಒಂದು ಹಗ್ಗ ಕಟ್ಟಿ, ಯಾರೂ ಗುಂಡಿಗೆ ಇಳಿಯಬೇಡಿ ಅಂದಿದ್ದರೆ ಸಾಕಿತ್ತು. ಅದಕ್ಕೆ ಯಾರ ಪರ್ಮಿಶನ್ನೂ ಬೇಕಿರಲಿಲ್ಲ, ಜಾಗ ನನ್ನದು.

ಬುಧವಾರ ರಾತ್ರಿ ಮತ್ತೆ ಮಳೆ. ಗುರುವಾರ ಬೆಳಿಗ್ಗೆ ಐದು ಜನ ಗುಂಡಿಯಲ್ಲಿ ಕೆಸರು ತೆಗೆಯುತ್ತಿದ್ದರು. ಹತ್ತು ಗಂಟೆಗೆ ಚಾ ಬಂತು, ನಾಲ್ವರು ಹತ್ತಿ ಬಂದರು. ಏಣಿ ಇರಲಿಲ್ಲ, ಒಬ್ಬರ ಕೈ ಒಬ್ಬರು ಹಿಡಿದು ಹತ್ತಬೇಕು. ಐದನೆಯವನು ಅಸ್ಸಾಂ ಕಡೆಯ ಹುಡುಗ, ಇಪ್ಪತ್ತೆರಡು ವರ್ಷ. ಗುಂಡಿಯ ಪಕ್ಕದ ಮಣ್ಣಿನ ಸಂದಿಯಲ್ಲಿಟ್ಟ ಮೊಬೈಲ್ ತೆಗೆದುಕೊಳ್ಳಲು ಹಿಂದೆ ಉಳಿದ. ಮೇಲಿನಿಂದ ಬೆಲ್ಲದ ತುಂಡಿನಷ್ಟು ಮಣ್ಣಿನ ಹೆಂಟೆಗಳು ಎರಡು ಮೂರು ಉರುಳಿದವು. ಅಜ್ಜಿ "ಓಡು, ಜರೀತದೆ" ಎಂದು ಕಿರುಚಿದರು. ಅವನಿಗೆ ಕನ್ನಡದಲ್ಲಿ ಗೊತ್ತಿದ್ದದ್ದು ಮಣ್ಣು, ಕಲ್ಲು, ಚಾ, ಬಾ. ಅವನು ತಲೆ ಎತ್ತಿ ಅಜ್ಜಿಯನ್ನು ನೋಡಿ ನಕ್ಕ.

ಸದ್ದು ದೊಡ್ಡದಾಗಿ ಬರಲಿಲ್ಲ. ಮೂಟೆ ಇಳಿಸಿದ ಹಾಗೆ ದೊಪ್ ಅಂತ ಒಂದು ಸದ್ದು, ಆಮೇಲೆ ಸಿಲ್ವರ್ ಮರ ಬಿದ್ದದ್ದು.

ಮಣ್ಣು ಸೊಂಟದ ಮೇಲೆ ಬಂದು ನಿಂತಿತು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿನಷ್ಟು ತೂಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಇನ್ನೊಂದಡಿ ಮೇಲೆ ಬಂದಿದ್ದರೆ ಮುಖ ಹೊರಗಿದ್ದರೂ ಎದೆ ಉಬ್ಬಿಸಿ ಉಸಿರಾಡಲು ಆಗುತ್ತಿರಲಿಲ್ಲ. ಯಾರೋ ಹಿಟಾಚಿ ತರಿಸಿ ಅಂದರು. ಪುಣ್ಯಕ್ಕೆ ಮೇಸ್ತ್ರಿ ಬೇಡ ಅಂದ. ಮೆಷಿನ್ ಬಕೆಟ್ಟು ಮನುಷ್ಯನನ್ನೂ ಮಣ್ಣನ್ನೂ ಬೇರೆಬೇರೆ ಅಂತ ನೋಡಲ್ಲ, ಅದರ ಅದುರಿಗೆ ಉಳಿದ ಬರೆಯೂ ಬರಬಹುದು. ಒಬ್ಬನನ್ನು ಮೇಲೆ ಬರೆ ನೋಡಲು ನಿಲ್ಲಿಸಿ, ಸಲಿಕೆ, ಬಾಂಡ್ಲಿ, ಕೊನೆಗೆ ಬರಿಗೈಯಲ್ಲಿ 40 ನಿಮಿಷ ತೋಡಿದೆವು. ಎಳೆಯಬೇಡಿ, ಪಾದದವರೆಗೆ ಬಿಡಿಸಿ ಅಂತ ಮೇಸ್ತ್ರಿ ಕೂಗುತ್ತಲೇ ಇದ್ದ. ಮಡಿಕೇರಿ ಆಸ್ಪತ್ರೆ, ಅಲ್ಲಿಂದ ಮೈಸೂರು. ಸೊಂಟದ ಮೂಳೆ ಮುರಿದಿತ್ತು. ಮೂರು ತಿಂಗಳು ಹಾಸಿಗೆ. ಅವನಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡೂ ಇರಲಿಲ್ಲ. ಮಾಡಿಸಿದ್ದಾರಾ ಅಂತ ನಾನು ಕೇಳಿಯೂ ಇರಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತೇ ಇರುತ್ತದೆ. ಕಂಟ್ರಾಕ್ಟರ್ "ಪ್ರಕೃತಿ ವಿಕೋಪ" ಅಂದ. ತಪಾಸಣೆಯವರು "ಭೇಟಿ ಕೊಟ್ಟ ದಿನ ಸರಿ ಇತ್ತು, ಮಾಲೀಕರ ಸಹಿ ಇದೆ" ಅಂದರು. ಆಗ ಕೂತು ಆ 14 ಪುಟ ಮೊದಲ ಸಲ ಸರಿಯಾಗಿ ಓದಿದೆ. ಒಂಬತ್ತನೇ ಪುಟದ ಫೋಟೋ ದೊಡ್ಡದು ಮಾಡಿ ನೋಡಿದೆ. ಗುಂಡಿಯ ಹಿಂದೆ ಸಾಲಾಗಿ ತೆಂಗಿನ ಮರಗಳು. ಅದರ ಹಿಂದೆ ಸಪಾಟು ಬಯಲು. ನಮ್ಮ ಜಾಗದಲ್ಲಿ ಒಂದೇ ಒಂದು ತೆಂಗಿನ ಮರ ಇಲ್ಲ. ಬಯಲಂತೂ ಕೇಳಲೇಬೇಡಿ.

ಆ ಮೇಲೆ ಒಬ್ಬ ನಿಜವಾದ ಇಂಜಿನಿಯರನ್ನು ಹುಡುಕಿಕೊಂಡು ಕರೆತಂದೆ. ಅವರು ಗೇಟಿನಲ್ಲಿ ಇಳಿದವರೇ ನನ್ನನ್ನು ಮಾತಾಡಿಸದೆ ನೇರ ಬರೆಯ ತಲೆಗೆ ಹತ್ತಿದರು. ತಪಾಸಣೆ ಮಾಡುವವರನ್ನು ಗುರುತಿಸಲು ನನಗೆ ಈಗ ಇದೊಂದೇ ಪರೀಕ್ಷೆ. ಮೊದಲು ಎಲ್ಲಿಗೆ ಹೋಗುತ್ತಾರೆ ನೋಡಿ. ಅವರು ತರಗೆಲೆ ಸರಿಸಿ ಬಿರುಕು ಹುಡುಕಿದರು, ಮರಗಳು ಎತ್ತ ವಾಲಿವೆ ನೋಡಿದರು, ಮೇಲಿನ ತೋಟದ ನೀರು ಎಲ್ಲಿ ಹರಿದು ಬರುತ್ತದೆ ಕೇಳಿದರು. ಬರೆಯ ಮೇಲ್ಗಡೆ ಒಂದು ಅಡ್ಡ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿದ್ದರೆ ಅರ್ಧ ಕೆಲಸ ಆಗುತ್ತಿತ್ತಂತೆ. ಆಮೇಲೆ ಬುಡಕ್ಕೆ ಬಂದು, ಕೆಳಗಿನಿಂದ ಒಸರುವ ನೀರು ತಿಳಿಯೋ ಕದಡೋ ಅಂತ ಅಂಗೈಯಲ್ಲಿ ಹಿಡಿದು ನೋಡಿದರು. ಕದಡಿದ್ದರೆ ಒಳಗಿಂದ ಮಣ್ಣು ತೊಳೆದು ಬರುತ್ತಿದೆ ಅಂತ ಅರ್ಥ.

ಪಾಯದ ವಿಷಯಕ್ಕೆ ಅವರು ಹೇಳಿದ್ದು ಗುಟ್ಟೇನಲ್ಲ, ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮದಲ್ಲೇ ಇದೆ. ಗುಂಡಿ 1.5 ಮೀಟರ್, ಅಂದರೆ ಸುಮಾರು 5 ಅಡಿ ಮುಟ್ಟಿತು ಅಂದರೆ ಪಕ್ಕಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಬೇಕು, ಇಲ್ಲಾ ಹಲಗೆ ಊರೆ ಕೊಟ್ಟು ಹಿಡಿಯಬೇಕು. ತೋಡಿದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಗುಂಡಿಯ ಆಳದ ಅರ್ಧ, ಯಾವುದು ಜಾಸ್ತಿಯೋ ಅಷ್ಟು ದೂರ ಹಾಕಬೇಕು. ಏಣಿ ಇರಲೇಬೇಕು, ಅದರ ತುದಿ ನೆಲದಿಂದ 90 ಸೆಂಟಿಮೀಟರ್ ಮೇಲೆ ಬರಬೇಕು. ನಮ್ಮಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ಬರೆಯ ಬುಡದಲ್ಲಾದರೆ 45 ಅಡಿ ಒಟ್ಟಿಗೆ ತೆಗೆಯುವುದೇ ತಪ್ಪು, ಹತ್ತಡಿ ತೆಗೆದು ಗೋಡೆ ಎಬ್ಬಿಸಿ ಮುಂದಿನ ಹತ್ತಡಿಗೆ ಹೋಗಬೇಕು ಎಂದರು. ಹಿಟಾಚಿ ಬಾಡಿಗೆ ಜಾಸ್ತಿ ಆಗುತ್ತದೆ, ಆಗಲಿ. ಮೈಸೂರಿನ ಆಸ್ಪತ್ರೆ ಬಿಲ್ಲಿನ ಮುಂದೆ ಅದು ಚಿಲ್ಲರೆ.

ಇನ್ನೊಂದು ಮಾತು ಹೇಳಿದರು. ಮಣ್ಣಿನ ತಪಾಸಣೆಗೆ ತಿಂಗಳ ಲೆಕ್ಕ ಇಲ್ಲ, ಮಳೆಯ ಲೆಕ್ಕ. ಪ್ರತಿ ದಿನ ಬೆಳಿಗ್ಗೆ ಆಳು ಇಳಿಯುವ ಮುಂಚೆ ಒಂದು ಸಲ, ಮಳೆ ಬಂದರೆ ಮತ್ತೊಂದು ಸಲ. ಯಾವ ಕನ್ಸಲ್ಟೆಂಟೂ ದಿನಾ ಬರಲ್ಲ. ಈಗ ಅದನ್ನು ನಾನೂ ಅಜ್ಜಿಯೂ ಮಾಡುತ್ತೇವೆ. ಬಿರುಕು ಬರಬಹುದಾದ ಜಾಗದಲ್ಲಿ ಎರಡು ಗೂಟ ಹೊಡೆದು ನಡುವಿನ ಅಂತರ ಅಳೆಯುತ್ತೇವೆ. ಮಳೆ ಬರೆಯುವ ಪುಸ್ತಕದಲ್ಲೇ ಪಕ್ಕಕ್ಕೆ ಬರೆಯುತ್ತೇನೆ. ಆಳುಗಳಿಗೆ ಒಂದು ಸೀಟಿ. ಸೀಟಿ ಊದಿದರೆ ಎಲ್ಲ ಬಿಟ್ಟು ಹತ್ತಬೇಕು, ಅದಕ್ಕೆ ಕನ್ನಡ ಬೇಡ, ಅಸ್ಸಾಮಿಯೂ ಬೇಡ.

ವಿದ್ಯುತ್ತಿನದ್ದೂ ಹೇಳಿಬಿಡ್ತೀನಿ. ಕಾಂಕ್ರೀಟ್ ವೈಬ್ರೇಟರಿನ ವಯರಿಗೆ ಪಿನ್ನೇ ಇರಲಿಲ್ಲ, ಬರಿ ವಯರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಒದ್ದೆ ನೆಲ, ಬರಿಗಾಲು. ಇದಕ್ಕೂ "ತೃಪ್ತಿಕರ". 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಮನೆ ಕಟ್ಟಿದ ಮೇಲೆ ಹೇಗೂ ಬೇಕಾಗುತ್ತದೆ. ಹಾಗೇ ಇನ್ನೊಂದು ಎಚ್ಚರಿಕೆ, ಮುಚ್ಚಿದ ಸಂಪಿನ ಸೆಂಟ್ರಿಂಗ್ ಬಿಚ್ಚಲು ಯಾರನ್ನೂ ಸೀದಾ ಒಳಗೆ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು ಇಬ್ಬರೂ ಹೋಗುತ್ತಾರೆ.

ಹುಡುಗ ಈಗ ಊರಿಗೆ ಹೋಗಿದ್ದಾನೆ, ಊರುಗೋಲಿನಲ್ಲಿ ನಡೆಯುತ್ತಾನೆ. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಾನೆ. ಅಜ್ಜಿಯನ್ನು ಕರೆಯಿರಿ ಅನ್ನುತ್ತಾನೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ, ಸುಮ್ನೆ ನೋಡಿ ನಗುತ್ತಾರೆ.

ಮೊನ್ನೆ ವಾಟ್ಸಾಪಿಗೆ ಒಂದು ಪಿಡಿಎಫ್ ಬಂತು. ಮೂರನೇ ಭೇಟಿಯ ವರದಿ, ಜೊತೆಗೆ 4,000ದ ಬಿಲ್ಲು. ಅಂಥ ಭೇಟಿ ಆಗಿಯೇ ಇಲ್ಲ. ಒಂಬತ್ತನೇ ಪುಟ ತೆಗೆದೆ. ಅಗೆತ: ತೃಪ್ತಿಕರ. ಹಿಂದೆ ಅವೇ ತೆಂಗಿನ ಮರಗಳು.