ಮೌಂಟೇನ್ ಸೈಕಲ್‌ಗೆ ಹಿಂದಿನ ಶಾಕ್ ಬೇಕಾ, ಬೇಡ್ವಾ?

ಮೂರು ವರ್ಷ ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಇರುವ ಸೈಕಲ್) ಓಡಿಸಿ, ಈಗ ಫುಲ್ ಸಸ್ಪೆನ್ಷನ್‌ಗೆ, ಅಂದರೆ ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವುದಕ್ಕೆ ಬಂದಿದ್ದೇನೆ. ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ದೂರ, 140 ಮಿ.ಮೀ. ಕಲ್ಲು, ಬೇರು ತುಂಬಿದ ಇಳಿಜಾರಲ್ಲಿ ವ್ಯತ್ಯಾಸ ಮೊದಲು ಗೊತ್ತಾಗಿದ್ದು ಕಾಲಿಗೆ. ಹಾರ್ಡ್‌ಟೇಲ್‌ನಲ್ಲಿ ಹಿಂದಿನ ಚಕ್ರ ಪ್ರತಿ ಬೇರಿಗೂ ಪುಟಿದು, ಪೆಡಲ್ ಮೇಲಿಂದ ಪಾದ ಜಾರುತ್ತಿತ್ತು. ಪೆಡಲ್ ಮೇಲಿನ ಚೂಪು ಪಿನ್ ಗೀರಿದ ಗುರುತು ಮೊಣಕಾಲ ಕೆಳಗೆ ಇನ್ನೂ ಇದೆ. ಫುಲ್ ಸಸ್ಪೆನ್ಷನ್‌ನಲ್ಲಿ ಚಕ್ರ ನೆಲ ಬಿಟ್ಟು ಏಳುವುದು ಕಮ್ಮಿ. ಬ್ರೇಕ್ ಕೂಡ ಚೆನ್ನಾಗಿ ಹಿಡಿಯುತ್ತದೆ.

ಸುಮ್ನೆ ಹೊಗಳುವುದಿಲ್ಲ, ತೂಕ ಜಾಸ್ತಿ. ನಯವಾದ ಏರಿನಲ್ಲಿ ಶಾಕ್ ಲಾಕ್ ಮಾಡದಿದ್ದರೆ ತುಳಿದಾಗೆಲ್ಲ ಕುಗ್ಗುತ್ತದೆ. ಕೆಸರು ಪಿವಟ್ ಬೇರಿಂಗ್‌ಗೆ (ಫ್ರೇಮಿನ ಹಿಂಭಾಗ ಆಡುವ ಕೀಲಿಗೆ) ಹೊಕ್ಕು ಕಿರ್ ಕಿರ್ ಶುರುವಾಯಿತು. ಬಿಚ್ಚಿ ಗ್ರೀಸ್ ಹಾಕಲು ಇಡೀ ಭಾನುವಾರ ಹೋಯ್ತು. ಹಳೆಯದಕ್ಕೆ ಈ ರಗಳೆ ಇರಲಿಲ್ಲ.

ವಾರವಾರ ಕಲ್ಲುದಾರಿ ಇಳಿಯುವವರು ಫುಲ್ ಸಸ್ಪೆನ್ಷನ್ ತಗೊಳ್ಳಿ. ಅಪರೂಪಕ್ಕಾದರೆ ಒಳ್ಳೆ ಫೋರ್ಕ್ (ಮುಂದಿನ ಶಾಕ್), ಅಗಲ ಟೈರಿನ ಹಾರ್ಡ್‌ಟೇಲ್ ಸಾಕು. ನನ್ನ ಹಳೇ ಹಾರ್ಡ್‌ಟೇಲನ್ನಂತೂ ಮಾರಿಲ್ಲ.