ಸತ್ತ ನಾಯಕರಿಗೊಂದು ಫ್ಲೆಕ್ಸ್: ಚಿಕ್ಕಮಗಳೂರಿನ ಬ್ಯಾನರ್ ಅಂಗಡಿಗಳ ಕೆಲಸ ಹೇಗಿದೆ?

ಹಿರಿಯ ರಾಜಕಾರಣಿಯೊಬ್ಬರು ತೀರಿಕೊಂಡ ಸುದ್ದಿ ಬೆಳಗಿನ ಏಳಕ್ಕೆ ವಾಟ್ಸಾಪ್‌ಗೆ ಬಂದರೆ, ಎಂಟರೊಳಗೆ ಫ್ಲೆಕ್ಸ್ ಅಂಗಡಿಯ ಶೆಟರ್ ಅರ್ಧ ಮೇಲೆದ್ದಿರುತ್ತದೆ. ಊರಿಗೆ ಊರೇ ಬಾಗಿಲು ಹಾಕಿದರೂ ಆ ದಿನ ನಡೆಯುವ ವ್ಯಾಪಾರ ಎರಡು: ಹೂವಿನ ಹಾರದ್ದು, ಫ್ಲೆಕ್ಸಿನದ್ದು. ಎಂ.ಜಿ. ರಸ್ತೆ, ಐ.ಜಿ. ರಸ್ತೆ, ಮಾರ್ಕೆಟ್ ರಸ್ತೆ ಕಡೆಯ ಅಂಗಡಿಗಳು ಕೊಡುವ ‘ಶ್ರದ್ಧಾಂಜಲಿ ಬ್ಯಾನರ್’ ಸೇವೆಯ ಬಗ್ಗೆ ಈ ಬರಹ. ಡಿಸೈನ್, ಪ್ರಿಂಟ್, ಫ್ರೇಮ್, ನಿಲ್ಲಿಸಿಕೊಡುವುದು, ಎಲ್ಲ ಸೇರಿಸಿ. ಯಾವ ಅಂಗಡಿಯ ಹೆಸರೂ ಇಲ್ಲಿಲ್ಲ, ಮೆಷಿನ್ನೂ ರೋಲೂ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಕಂಪ್ಯೂಟರ್ ಮುಂದೆ ಕೂತವನ ತಲೆಯಲ್ಲಿ.

ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ವೇಗಕ್ಕೆ ಐದಕ್ಕೆ ನಾಲ್ಕು. ಪ್ರಿಂಟಿಗೆ ಮೂರೂವರೆ. ಕನ್ನಡಕ್ಕೆ ಎರಡು, ಅದೂ ಧಾರಾಳವಾಗಿ. ಯಾರು ಸತ್ತರು, ಊರಲ್ಲಿ ಯಾರು ಅಳುತ್ತಿದ್ದಾರೆ, ಯಾರು ಮುಖ ತಿರುಗಿಸಿದ್ದಾರೆ ಎಂಬ ತಿಳಿವಳಿಕೆಗೆ ಮಾತ್ರ ಸೊನ್ನೆಯಿಂದ ಐದರವರೆಗೆ ಏನು ಬೇಕಾದರೂ ಕೊಡಬಹುದು, ಅಂಗಡಿ ನೋಡಿಕೊಂಡು.

ಈ ತಿಳಿವಳಿಕೆ ಯಾಕೆ ಬೇಕು ಎಂದರೆ, ಐವತ್ತು ವರ್ಷ ರಾಜಕಾರಣ ಮಾಡಿದವರು ಸತ್ತಾಗ ಊರು ಒಂದೇ ದನಿಯಲ್ಲಿ ಅಳುವುದಿಲ್ಲ. ಒಂದು ಸ್ಟೇಟಸ್ಸಿನಲ್ಲಿ ‘ಮತ್ತೆ ಹುಟ್ಟಿ ಬನ್ನಿ’, ಅದರ ಕೆಳಗಿನದರಲ್ಲೇ ‘ಸತ್ತ ಮೇಲೆ ಎಲ್ಲರೂ ಒಳ್ಳೆಯವರೇ ಬಿಡಿ’. ಸ್ಟೇಟಸ್ಸಾದರೆ ಇಪ್ಪತ್ತನಾಲ್ಕು ಗಂಟೆಗೆ ಅಳಿಸಿಹೋಗುತ್ತದೆ. ಹನುಮಂತಪ್ಪ ವೃತ್ತದಲ್ಲಿ ನಿಂತ ಬ್ಯಾನರ್ ಹನ್ನೊಂದನೇ ದಿನದ ಕಾರ್ಯದವರೆಗೂ ನಿಂತಿರುತ್ತದೆ, ಎರಡೂ ಕಡೆಯವರು ದಿನಕ್ಕೆ ನಾಲ್ಕು ಸಲ ಅದರ ಮುಂದೆಯೇ ಹಾದುಹೋಗಬೇಕು. ಆ ರಾತ್ರಿಯೇ ಬ್ಯಾನರಿಗೆ ಬ್ಲೇಡ್ ಬೀಳುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಅಂಗಡಿಯಲ್ಲೇ ತೀರ್ಮಾನವಾಗಿರುತ್ತದೆ.

ಈ ಜಿಲ್ಲೆಯದೇ ಉದಾಹರಣೆ ನೋಡಿ. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು 2023ರ ನವೆಂಬರ್ 7ರಂದು ತೀರಿಕೊಂಡರು. 1971ರಲ್ಲಿ, 1977ರಲ್ಲಿ ಇಲ್ಲಿಂದ ಲೋಕಸಭೆಗೆ ಗೆದ್ದವರು. 1978ರಲ್ಲಿ ಆ ಸ್ಥಾನವನ್ನು ಇಂದಿರಾ ಗಾಂಧಿಗೆ ಬಿಟ್ಟುಕೊಟ್ಟರು. ಇಂದಿರಾ ಅವರು ವೀರೇಂದ್ರ ಪಾಟೀಲರ ಎದುರು ಸುಮಾರು 77 ಸಾವಿರ ಮತಗಳಿಂದ ಗೆದ್ದರು. ಚಂದ್ರೇಗೌಡರು ಮುಂದೆ 1983ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಮಂತ್ರಿಯಾದರು, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ಕಾಂಗ್ರೆಸ್, ಜನತಾ, ಮತ್ತೆ ಕಾಂಗ್ರೆಸ್, ಬಿಜೆಪಿ. ಈಗ ಬ್ಯಾನರ್ ಅಂಚಿಗೆ ಯಾವ ಬಣ್ಣ ಹಾಕುತ್ತೀರಿ?

ಕೌಂಟರಿನಲ್ಲಿ ಹುಡುಗ ಕೇಳುವುದೂ ಇದನ್ನೇ. “ಅಣ್ಣಾ, ಬಾರ್ಡರ್ ಕೇಸರಿ ಕೊಡ್ಲಾ, ಮೂರು ಕಲರ್ ಕೊಡ್ಲಾ?” ಹೀಗೆ ಕೇಳುವ ಅಂಗಡಿ ಪರವಾಗಿಲ್ಲ, ಕೇಳದೆ ಹಾಕುವ ಅಂಗಡಿಗಿಂತ ಮೇಲು. “ಪಕ್ಷದಿಂದ ಹಾಕಿಸ್ತಿರೋದಾ, ಊರಿನವರಿಂದಾನಾ?” ಎಂದು ಮೊದಲು ಕೇಳಿ, ಊರಿನವರದು ಎಂದರೆ ಬಣ್ಣವನ್ನೇ ತೆಗೆದು ಬಿಳಿ ಹಿನ್ನೆಲೆಗೆ ಕಪ್ಪು ಗೆರೆ ಎಳೆಯುವ ಅಂಗಡಿ ಒಳ್ಳೆಯದು. ಅಂಥವು ಬೆರಳೆಣಿಕೆಯಷ್ಟು.

ಪದಗಳೂ ಹಾಗೆಯೇ. 1978ರ ಆ ಘಟನೆಗೆ ‘ಕ್ಷೇತ್ರ ತ್ಯಾಗ’ ಎಂದು ಬರೆದರೆ ಒಬ್ಬರಿಗೆ ಕಣ್ಣು ತುಂಬುತ್ತದೆ, ಇನ್ನೊಬ್ಬರು ‘ಮತ ಹಾಕಿದ ನಮ್ಮನ್ನು ಕೇಳಿದ್ದರಾ’ ಎನ್ನಬಹುದು. ‘ಕ್ಷೇತ್ರ ಬಿಟ್ಟುಕೊಟ್ಟವರು’ ಎಂದರೆ ಇಬ್ಬರೂ ಒಪ್ಪುತ್ತಾರೆ, ನಡೆದದ್ದು ಅದೇ ತಾನೆ. ‘ಅಜಾತಶತ್ರು’ ಎನ್ನುವುದು ಟೆಂಪ್ಲೇಟಿನಲ್ಲಿ ಸದಾ ಸಿದ್ಧವಾಗಿರುವ ಪದ. ಹತ್ತು ಚುನಾವಣೆ ನಿಂತವರಿಗೆ ಶತ್ರುವೇ ಹುಟ್ಟಿಲ್ಲ ಎಂದು ಬರೆದರೆ, ಓದಿದ ಶತ್ರು ನಗದೆ ಇನ್ನೇನು ಮಾಡಬೇಕು? ‘ತುಂಬಲಾರದ ನಷ್ಟ’ ಸವೆದು ಸವೆದು ಯಾರಿಗೂ ತಾಗುವುದಿಲ್ಲ, ಅದನ್ನು ಬಿಟ್ಟರೂ ನಷ್ಟವಿಲ್ಲ. ಹೊಗಳಿಕೆಯ ಜಾಗದಲ್ಲಿ ಮಾಡಿದ ಕೆಲಸವನ್ನೇ ಬರೆದರೆ ವಿರೋಧಿಯೂ ನಿಂತು ಓದುತ್ತಾನೆ. ಎಸ್.ಎಂ. ಕೃಷ್ಣ 2024ರ ಡಿಸೆಂಬರ್ 10ರಂದು ತೀರಿಕೊಂಡರು. ಅವರ ಕಾಲ ಎಂದರೆ ಐಟಿ ಬೆಂಗಳೂರನ್ನು ನೆನೆಯುವವರೂ ಇದ್ದಾರೆ, ಬರ ಮತ್ತು 2002ರ ಕಾವೇರಿ ಗಲಾಟೆ ನೆನೆಯುವ ರೈತರೂ ಇದ್ದಾರೆ. ‘ಅಭಿವೃದ್ಧಿಯ ಹರಿಕಾರ’ ಎಂದು ಬರೆದು ಜಗಳಕ್ಕೆ ಬಾಗಿಲು ತೆರೆಯುವ ಬದಲು ‘ಭೂಮಿ, ಯಶಸ್ವಿನಿ ಯೋಜನೆಗಳ ಕಾಲದ ಮುಖ್ಯಮಂತ್ರಿ, 1999–2004’ ಎಂದರೆ ಸಾಕು. ಪಹಣಿಗೆ ಕ್ಯೂ ನಿಂತವರಿಗೆ, ಸಹಕಾರ ಸಂಘದ ಕಾರ್ಡಿನಲ್ಲಿ ಆಪರೇಷನ್ ಮಾಡಿಸಿಕೊಂಡವರಿಗೆ ಅರ್ಥವಾಗುತ್ತದೆ.

ಸಾವಿಗೆ ಹಾಕುವ ಪದದಲ್ಲೂ ಎಚ್ಚರ ಬೇಕು. ‘ಲಿಂಗೈಕ್ಯ’ ಲಿಂಗಾಯತರಿಗೆ ಮಾತ್ರ. ‘ಶಿವಗಣಾರಾಧನೆ’, ‘ವೈಕುಂಠ ಸಮಾರಾಧನೆ’ ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಮನೆಯವರೇ ಬ್ಯಾನರ್ ಬಿಚ್ಚಿಸುತ್ತಾರೆ. ಗೊತ್ತಿಲ್ಲದಿದ್ದರೆ ‘ನಿಧನ’ ಎಲ್ಲರಿಗೂ ಸಲ್ಲುತ್ತದೆ.

ಇನ್ನು ಅಕ್ಷರ. ‘ಶ್ರದ್ಧಾಂಜಲಿ’ ಎನ್ನುವ ಒಂದೇ ಪದವನ್ನು ಮೂರು ಬಗೆಯಲ್ಲಿ ತಪ್ಪಾಗಿ ಅಚ್ಚು ಹಾಕುತ್ತಾರೆ: ‘ಶ್ರದ್ದಾಂಜಲಿ’, ‘ಶೃದ್ಧಾಂಜಲಿ’, ‘ಶ್ರಧ್ದಾಂಜಲಿ’. ದ ಮೇಲೆ, ಅದರ ಕೆಳಗೆ ಧ ಒತ್ತು. ಒತ್ತಿನ ಬುಡದಲ್ಲಿ ಆ ಸಣ್ಣ ಸೀಳು ಕಾಣಬೇಕು. ಪ್ರೂಫ್ ನೋಡುವಾಗ ಮೊಬೈಲಿನಲ್ಲಿ ಎರಡು ಬೆರಳಿಟ್ಟು ಅಲ್ಲಿಗೇ ಜೂಮ್ ಮಾಡಿ. ಯಾಕೆ ತಪ್ಪುತ್ತದೆ? ಗ್ರಾಹಕರು ವಾಟ್ಸಾಪಿನಲ್ಲಿ ಕಳಿಸುವುದು ಯೂನಿಕೋಡ್, ಅಂಗಡಿಯ ಹಳೆಯ ಕೋರೆಲ್‌ಡ್ರಾದಲ್ಲಿ ಇರುವುದು ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟು, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ನೇರ ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ. ಕನ್ವರ್ಟ್ ಮಾಡಿದರೆ ಅರ್ಕಾವತ್ತು, ಒತ್ತು ಜಾಗ ಬಿಡುತ್ತವೆ. ಅದಕ್ಕೆ ಹುಡುಗ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಾನೆ, ಆತುರದಲ್ಲಿ ಕೈಗೆ ಬಂದ ಒತ್ತು ಕೊಡುತ್ತಾನೆ. ಟೈಪ್ ಆದ ಮೇಲೆ ಅಕ್ಷರವನ್ನು ‘ಕರ್ವ್ಸ್’ ಮಾಡಿಸಿ, ಅಂದರೆ ಫಾಂಟ್ ಬೇಡದ ಬರೀ ಗೆರೆಚಿತ್ರವಾಗಿ ಬದಲಿಸಿ, ಆಮೇಲೆ ಪ್ರೂಫ್ ನೋಡಿ. ಕರ್ವ್ಸ್ ಮಾಡದ ಫೈಲ್ ಪ್ರಿಂಟಿಂಗ್ ಕಂಪ್ಯೂಟರಿಗೆ ಹೋದಾಗ ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಮುಗಿಯಿತು.

ಇದಕ್ಕಿಂತ ಕೆಟ್ಟದ್ದು ಹುಟ್ಟುಹಬ್ಬದ ಟೆಂಪ್ಲೇಟ್. ಅದರಲ್ಲೇ ಫೋಟೊ ಬದಲಿಸಿ ದೀಪ ಇಟ್ಟು ಕೊಟ್ಟುಬಿಡುತ್ತಾರೆ. ಕೆಳಗಿನ ಸಾಲಿನ ಪಾಸ್‌ಪೋರ್ಟ್ ಫೋಟೊಗಳ ಪಕ್ಕ ‘ಶುಭಕೋರುವವರು’ ಹಾಗೇ ಉಳಿದಿರುತ್ತದೆ! ಸತ್ತವರಿಗೆ ಆಗದವರು ಅದನ್ನು ಫೋಟೊ ಹೊಡೆದು ಗ್ರೂಪಿಗೆ ಹಾಕಲು ಹತ್ತು ನಿಮಿಷ ಬೇಡ. ಕೆಳಸಾಲು ಬೇಕೇ ಬೇಕು ಎಂದರೆ ‘ದುಃಖತಪ್ತರು’ ಎಂದಿರಲಿ, ಹಲ್ಲು ಕಾಣುವ ಫೋಟೊ ಬೇಡ. ಬ್ಯಾನರ್ ಹರಿಯುವುದಕ್ಕೆ ಸತ್ತವರ ಮೇಲಿನ ಸಿಟ್ಟಿಗಿಂತ ಈ ಕೆಳಸಾಲಿನಲ್ಲಿ ಯಾರ ತಲೆ ದೊಡ್ಡದು ಎನ್ನುವುದೇ ಎಷ್ಟೋ ಸಲ ಕಾರಣ. ‘ನಾಗರಿಕರು, ಚಿಕ್ಕಮಗಳೂರು’ ಎಂಬ ಎರಡು ಪದದ ಬ್ಯಾನರಿಗೆ ಶತ್ರುಗಳು ಕಮ್ಮಿ.

ವಯಸ್ಸು ಕೂಡ ಕೈಯಲ್ಲೇ ಲೆಕ್ಕ ಹಾಕಿ. ಕೃಷ್ಣ ಹುಟ್ಟಿದ್ದು 1932ರ ಮೇ 1. 2024ರ ಡಿಸೆಂಬರಿಗೆ ಹುಟ್ಟಿದ ದಿನ ದಾಟಿತ್ತು, ಹಾಗಾಗಿ 92. ದಾಟಿರದಿದ್ದರೆ ಒಂದು ಕಳೆಯಬೇಕು. ಟಿವಿಯ ಪಟ್ಟಿಯಲ್ಲಿ ಬಂದ ವಯಸ್ಸನ್ನೇ ನಂಬಿ ಹಾಕಿಸಬೇಡಿ.

ಫೋಟೊ ವಿಷಯದಲ್ಲಿ ತಪ್ಪು ಬಹುತೇಕ ಗ್ರಾಹಕರದ್ದೇ. ಎಂಟಡಿ ಎತ್ತರದ ಬ್ಯಾನರಿನಲ್ಲಿ ಮುಖ ನಾಲ್ಕಡಿ, ಅಂದರೆ 48 ಇಂಚು. ಇಂಚಿಗೆ 72 ಚುಕ್ಕೆಯಂತೆ 3,456 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಉದ್ದಕ್ಕೆ ಸುಮಾರು 1,600ಕ್ಕೆ ಇಳಿದಿರುತ್ತದೆ, ಇಂಚಿಗೆ 33 ಚುಕ್ಕೆ. ರಸ್ತೆಯ ಆಚೆ ಬದಿಯಿಂದ ನಡೆದೀತು, ಹಾರ ಹಾಕಲು ಹತ್ತಿರ ಬಂದವರಿಗೆ ಕಣ್ಣು, ಮೀಸೆ ಎಲ್ಲ ಚೌಕಚೌಕ. ‘ಡಾಕ್ಯುಮೆಂಟ್’ ಆಗಿ ಕಳಿಸಿ. ಹಿರಿಯ ನಾಯಕರ ಹಳೆಯ ಪಾಸ್‌ಪೋರ್ಟ್ ಫೋಟೊ ಮಾತ್ರ ಸಿಕ್ಕರೆ 1,200 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಪೇಪರಿನಲ್ಲಿ ಅಚ್ಚಾದ ಚಿತ್ರ ಬೇಡ, ಅಚ್ಚಿನ ಚುಕ್ಕೆಗಳು ದೊಡ್ಡದಾಗಿ ಜಾಲರಿಯಂತೆ ಎದ್ದು ಕಾಣುತ್ತವೆ. ಈಚೆಗೆ ಮೊಬೈಲ್ ಆಪ್‌ನಲ್ಲಿ ಮುಖ ‘ಚೊಕ್ಕ’ ಮಾಡಿಸಿ ತರುತ್ತಾರೆ. ಎಂಬತ್ತೇಳು ವರ್ಷದ ಮುಖಕ್ಕೆ ನಲವತ್ತರ ಚರ್ಮ ಬಂದಿರುತ್ತದೆ. ಒಳ್ಳೆಯ ಡಿಸೈನರ್ ಬೇಡ ಎನ್ನುತ್ತಾನೆ.

ಸಾವು ಎಂದ ಕೂಡಲೇ ಪೂರ್ತಿ ಕಪ್ಪು ಹಿನ್ನೆಲೆ ಕೇಳುವುದೂ ಒಂದು ಚಟ. ಬರೀ ಕಪ್ಪು ಶಾಯಿಯಲ್ಲಿ ಹೊಡೆದರೆ ಬಿಸಿಲಿಗೆ ಬೂದಿ ಬಣ್ಣ ಕಾಣುತ್ತದೆ. ಗಾಢ ಮಾಡಲು ನೀಲಿ, ಕೆಂಪು ಬೆರೆಸಿದರೆ ಶಾಯಿ ದಪ್ಪ ಕೂರುತ್ತದೆ. ಜುಲೈ, ಆಗಸ್ಟ್‌ನ ನಮ್ಮ ಮಳೆಯಲ್ಲಿ ಅದು ಬೇಗ ಆರುವುದಿಲ್ಲ. ಆರದೆ ಸುತ್ತಿದರೆ ಮುಖದ ಮೇಲೆ ಅಕ್ಷರದ ಮಸಿ. ಶಾಯಿ ಸಿಂಪಡಿಸುವ ಹೆಡ್ಡಿನ ಒಂದು ತೂತು ಕಟ್ಟಿಕೊಂಡಿದ್ದರೂ ಕಪ್ಪಿನಲ್ಲಿ ಬಿಳಿ ಗೆರೆ ಉದ್ದಕ್ಕೂ ಕಾಣುತ್ತದೆ, ಬಿಳಿ ಹಿನ್ನೆಲೆಯಲ್ಲಿ ಕಾಣುವುದಿಲ್ಲ. ಪಾಸ್ (ಒಂದೇ ಜಾಗದ ಮೇಲೆ ಹೆಡ್ಡು ಎಷ್ಟು ಸಲ ಓಡುತ್ತದೆ ಎಂಬುದು) ಹೆಚ್ಚಿಸಿ ಹೊಡೆಯಲು ಹೇಳಿ, ಸಮಯ ಹೆಚ್ಚಾಗುತ್ತದೆ, ಗೆರೆ ಕಮ್ಮಿಯಾಗುತ್ತದೆ. ರಶ್ ಇರುವ ದಿನ ಹೇಳದೆ ಪಾಸ್ ಇಳಿಸುತ್ತಾರೆ ಎಂಬುದು ಗೊತ್ತಿರಲಿ. ಪ್ರಿಂಟ್ ಮಧ್ಯೆ ಕರೆಂಟ್ ಹೋದರೆ ಆ ತುಂಡು ದಂಡ, ಯುಪಿಎಸ್ ಇದೆಯಾ ಎಂದು ಮೊದಲೇ ಕೇಳಿ.

ದರ ಚದರಡಿ ಲೆಕ್ಕ. ಎಂಟಕ್ಕೆ ಆರು ಎಂದರೆ 48 ಚದರಡಿ, ಚದರಡಿಗೆ 15 ರೂಪಾಯಿ ಹೇಳಿದರೆ 720. ಫ್ರೇಮು, ಸಾಗಣೆ, ನಿಲ್ಲಿಸುವ ಕೂಲಿ ಬೇರೆ, ಅಲ್ಲೇ ಬಿಲ್ಲು ಉಬ್ಬುವುದು. ನಾರ್ಮಲ್ ಹೇಳಿ ತೆಳುವಾದದ್ದು ಕೊಡುವ ರೂಢಿಯೂ ಇದೆ, ಜಿಎಸ್‌ಎಂ (ಚದರ ಮೀಟರಿನ ತೂಕ, ಗ್ರಾಂನಲ್ಲಿ) ಎಷ್ಟೆಂದು ಬಿಲ್ಲಿನಲ್ಲಿ ಬರೆಸಿ. ಹನ್ನೊಂದು ದಿನಕ್ಕೆ ದುಬಾರಿಯ ಸ್ಟಾರ್ ಫ್ಲೆಕ್ಸ್ ಬೇಕಾಗಿಲ್ಲ.

ಫ್ರೇಮಿಗೆ ಇಲ್ಲಿ ಸಿಗುವುದು ಸಿಲ್ವರ್ ಓಕ್ ರೀಪು. ಎಸ್ಟೇಟಿನ ನೆರಳು ಮರದ್ದು, ಅಗ್ಗ, ಆದರೆ ಹಸಿಯಾಗಿದ್ದರೆ ಎರಡೇ ದಿನಕ್ಕೆ ತಿರುಚಿಕೊಂಡು ನಾಯಕರ ಮುಖವೂ ಸೊಟ್ಟಗಾಗುತ್ತದೆ. ಒಣಗಿದ ರೀಪು ಕೇಳಿ, ಮಧ್ಯಕ್ಕೆ ಒಂದು ಅಡ್ಡಪಟ್ಟಿ ಹೊಡೆಸಿ. ಹೊಡೆದ ಮೊಳೆ ಹಿಂದೆ ಮಡಚಿರಬೇಕು. ರೀಪಿಲ್ಲದೆ ಕಟ್ಟುವುದಾದರೆ ಅಂಚು ಮಡಚಿ ಅಂಟಿಸಿ ಎರಡಡಿಗೊಂದು ಐಲೆಟ್ (ಹಗ್ಗ ಪೋಣಿಸುವ ಬಳೆ). ಆಜಾದ್ ಪಾರ್ಕ್ ಕಡೆಯ ತೆರೆದ ಜಾಗದಲ್ಲಿ ಗಾಳಿ ಜೋರು, ಮುಖ ಮತ್ತು ಅಕ್ಷರ ಬಿಟ್ಟು ನಾಲ್ಕಾರು ಕಡೆ ಅರ್ಧಚಂದ್ರದ ಸೀಳು ಕೊಟ್ಟರೆ ಗಾಳಿ ನುಗ್ಗಿ ಹೋಗುತ್ತದೆ. ಇದನ್ನು ಮಾಡದೆ ಮರುದಿನ ಹರಿದದ್ದನ್ನು ನೋಡಿ ‘ಆ ಪಾರ್ಟಿಯವರೇ ಹರಿದಿದ್ದು’ ಎಂದು ಸ್ಟೇಷನ್ನಿಗೆ ಹೋಗುವವರಿದ್ದಾರೆ. ಬ್ಲೇಡಿನ ಸೀಳು ನೇರ ಇರುತ್ತದೆ, ಗಾಳಿಯದು ಐಲೆಟ್ಟಿನಿಂದ ಶುರುವಾಗಿ ಓರೆಯಾಗಿ ಹೋಗುತ್ತದೆ. ದೂರು ಬರೆಯುವ ಮೊದಲು ಅಂಚು ನೋಡಿ.

ಅಂಗಡಿಯವರು ತಾವಾಗಿ ಹೇಳದ ಮಾತೊಂದಿದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧಿಸಿದೆ. ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಏನೇ ಕಟ್ಟಿದರೂ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಬೇರೆ ಇದೆ. ಸಾವಿನ ಮನೆಯವರನ್ನು ಯಾರೂ ಕೇಳಲಾರರು ಎಂಬ ಧೈರ್ಯ ಎಲ್ಲರಿಗೂ. ಆದರೆ ಎರಡು ಬಣ ಇರುವ ಸಾವಿನಲ್ಲಿ ಒಂದು ಬಣ ನಗರಸಭೆಗೆ ಫೋನ್ ಮಾಡಿಯೇ ಮಾಡುತ್ತದೆ, ಆಗ ಮೊದಲು ಇಳಿಯುವುದು ಅನುಮತಿ ಇಲ್ಲದ ಪ್ಲಾಸ್ಟಿಕ್ಕು. ಬಟ್ಟೆಯ ಮೇಲೆ ಪ್ರಿಂಟ್ ಹೊಡೆಸಿ, ನಗರಸಭೆಗೆ ಅರ್ಜಿ ಕೊಟ್ಟು, ಅನುಮತಿಯ ನಂಬರು ಮೂಲೆಯಲ್ಲಿ ಹಾಕಿಸಿ. ಬಟ್ಟೆಗೆ ದರ ಹೆಚ್ಚು, ಬಣ್ಣ ಸ್ವಲ್ಪ ಮಂದ. ಶ್ರದ್ಧಾಂಜಲಿಗೆ ಆ ಮಂದವೇ ಒಪ್ಪುತ್ತದೆ. ನಾಲ್ಕೇ ಸಾಲು ಇದ್ದರೆ ಕೋರಾ ಬಟ್ಟೆಯ ಮೇಲೆ ಕೈಯಲ್ಲಿ ಬರೆಯುವವರನ್ನು ಹುಡುಕಿ, ಅವರ ಒತ್ತಕ್ಷರ ತಪ್ಪುವುದು ಕಮ್ಮಿ.

ನಿಲ್ಲಿಸಿಕೊಡುವ ಅಂಗಡಿ ಇಳಿಸಿಕೊಡುವುದಿಲ್ಲ. ಮೊದಲೇ ಮಾತಾಡಿ ಕೂಲಿಯಲ್ಲಿ ಸೇರಿಸಿ, ಇಲ್ಲದಿದ್ದರೆ ತಿಂಗಳಾದರೂ ಅಲ್ಲೇ ಜೋತಾಡುತ್ತಿರುತ್ತದೆ. ಇಳಿದ ಹಳೆಯ ಫ್ಲೆಕ್ಸು ತೋಟಕ್ಕೆ ಹೋಗುವುದು ಇಲ್ಲಿ ಮಾಮೂಲಿ, ಸೌದೆ ಮುಚ್ಚಲು, ಕಣದಲ್ಲಿ ಹಾಸಲು. ಸೌದೆಗೆ ಸರಿ. ಮೆಣಸು, ಕಾಫಿ ಒಣಗಿಸಲು ಬೇಡ, ಸಾಲ್ವೆಂಟ್ ಶಾಯಿಯ ವಾಸನೆ ಬಿಸಿಲಿಗೆ ಏಳುತ್ತದೆ. ಸೌದೆ ಮೇಲೆ ಹೊದಿಸುವಾಗಲೂ ಮುಖ ಕೆಳಗಾಗಿ ಹಾಕಿ, ದಾರಿಯಲ್ಲಿ ಹೋಗುವವರಲ್ಲಿ ಯಾರು ಆ ಮನೆಯವರೋ ಗೊತ್ತಾಗುವುದಿಲ್ಲ.