ಜಲ್ಲಿ ತೊಟ್ಟಿಯೋ, ಪೈಪಿನ ಕಿಟ್ಟೋ: ಕುಮಟೆಯ ಅಂಗಳದಲ್ಲಿ ಎರಡನ್ನೂ ನಡೆಸಿ ನೋಡಿದ ಹೋಲಿಕೆ

ಮೀನು ಸಾಕಿದ ನೀರಿನಿಂದಲೇ ಮಣ್ಣಿಲ್ಲದೆ ಗಿಡ ಬೆಳೆಸುವ ಅಕ್ವಾಪೋನಿಕ್ಸನ್ನು ಕರಾವಳಿಯಲ್ಲಿ ಮನೆಮಟ್ಟಿಗೆ ಶುರುಮಾಡುವ ಹೊಸಬರು ಜಲ್ಲಿ ತುಂಬಿದ ತೊಟ್ಟಿಯನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತೂತುಗಳಲ್ಲಿ ಗಿಡ ಕೂರಿಸುವ ಬಿಳಿ ಪೈಪುಗಳನ್ನು ಕಬ್ಬಿಣದ ಸ್ಟ್ಯಾಂಡಿಗೆ ಜೋಡಿಸಿ ಮಾರುವ ರೆಡಿಮೇಡ್ ಕಿಟ್ಟನ್ನು ಕೊಂಡು, ಅದರೊಂದಿಗೆ ಒಂದು ಮಳೆಗಾಲ ಹೆಣಗಿ, ಬಳಿಕ ಉದ್ದಕ್ಕೆ ಸೀಳಿದ ಡ್ರಮ್ಮಿನ ಎರಡು ಹೋಳುಗಳಿಗೆ ಜಲ್ಲಿ ತುಂಬಿ ಅದೇ 500 ಲೀಟರಿನ ಮೀನಿನ ಟ್ಯಾಂಕಿಗೆ ಜೋಡಿಸಿದ ಮೇಲೆ ಈ ಅಭಿಪ್ರಾಯ ಗಟ್ಟಿಯಾಯಿತು. ಮೀನು, ಬಾವಿ, ಬಿಸಿಲು, ಅಂಗಳ ಎಲ್ಲವೂ ಎರಡಕ್ಕೂ ಒಂದೇ ಆಗಿದ್ದುದರಿಂದ ಹೋಲಿಕೆಯಲ್ಲಿ ಪಕ್ಷಪಾತವಾಗಿಲ್ಲವೆಂದು ನಂಬಿದ್ದೇನೆ.

ಕಿಟ್ಟಿನ ದೊಡ್ಡ ತೊಂದರೆ ಅದರ ಅತಿ ಸಣ್ಣ ಭಾಗದಲ್ಲಿದೆ. ಪಂಪಿನಿಂದ ಮೇಲೆ ಬಂದ ನೀರು ಪ್ರತಿಯೊಂದು ಪೈಪಿನ ತಲೆಗೂ 4 ಮಿ.ಮೀ. ದಪ್ಪದ ಕಪ್ಪು ನಳಿಗೆಯ ಮೂಲಕ ಇಳಿಯುತ್ತದೆ. ಮಣ್ಣಿಲ್ಲದೆ ಬರೀ ಗೊಬ್ಬರದ ನೀರಿನಲ್ಲಿ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್‌ಗೆ ಆ ನಳಿಗೆ ಸಾಕು, ಏಕೆಂದರೆ ಅಲ್ಲಿ ಹರಿಯುವುದು ತಿಳಿನೀರು. ಮೀನಿನ ಟ್ಯಾಂಕಿನ ನೀರು ಹಾಗಲ್ಲ. ಅದರಲ್ಲಿ ಹಿಕ್ಕೆ ಇರುತ್ತದೆ, ತಿನ್ನದೆ ಉಳಿದ ಆಹಾರದ ಪುಡಿ ಇರುತ್ತದೆ, ಇವೆರಡರ ಮೇಲೆ ಬೆಳೆಯುವ ಕಂದು ಬಣ್ಣದ ಲೋಳೆ ಇರುತ್ತದೆ. ಆ ಲೋಳೆ ನಳಿಗೆಯ ಒಳಗೋಡೆಗೆ ಅಂಟಿ, ದಿನದಿಂದ ದಿನಕ್ಕೆ ದಪ್ಪವಾಗಿ, ಕೊನೆಗೊಮ್ಮೆ ದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಮುಚ್ಚಿದ್ದು ಹೊರಗಿನಿಂದ ಗೊತ್ತಾಗುವುದಿಲ್ಲ ಎಂಬುದೇ ಇದರ ಕಷ್ಟ. ಪಂಪಿನ ಸದ್ದು ಎಂದಿನಂತೆ ಕೇಳಿಸುತ್ತದೆ, ಉಳಿದ ಪೈಪುಗಳಿಂದ ನೀರು ಟ್ಯಾಂಕಿಗೆ ಬೀಳುತ್ತಲೇ ಇರುತ್ತದೆ, ಒಂದು ಪೈಪು ಮಾತ್ರ ಒಳಗೆ ಒಣಗುತ್ತಿರುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಹರಿವೆ ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಜೋಲುಬಿಟ್ಟು ನಿಂತಾಗಲೇ ವಿಷಯ ತಿಳಿಯುವುದು. ಆಗ ತೆಂಗಿನ ಗರಿಯ ಕಡ್ಡಿಯೊಂದನ್ನು ನಳಿಗೆಯ ಬಾಯಿಗೆ ತೂರಿಸಿ ತಿರುವಿದರೆ ಬೆರಳುದ್ದದ ಲೋಳೆಯ ಎಳೆ ಹೊರಬರುತ್ತದೆ, ಅದರ ಹಿಂದೆಯೇ ನೀರು ಚಿಮ್ಮುತ್ತದೆ. ಎರಡು ಮೂರು ದಿನಗಳಲ್ಲಿ ಮತ್ತೆ ಅದೇ ಕಥೆ.

ಮಾರಿದವರನ್ನು ಕೇಳಿದಾಗ ಪಂಪಿಗೆ ಸ್ಪಂಜು ಸುತ್ತಿ ಎಂದರು. ಸುತ್ತಿದೆ. ಸ್ಪಂಜು ಹಿಕ್ಕೆಯನ್ನು ಹಿಡಿಯಿತು, ಹಿಡಿದದ್ದರಿಂದಲೇ ಮರುದಿನಕ್ಕೆ ನೀರಿನ ಹರಿವು ಅರ್ಧಕ್ಕೆ ಇಳಿಯಿತು. ಅಂದರೆ ನಳಿಗೆ ತೊಳೆಯುವ ಬದಲು ಸ್ಪಂಜು ತೊಳೆಯುವ ಕೆಲಸ ಬಂತು. ನಳಿಗೆಗಳನ್ನು ಕಿತ್ತು ಅಗಲವಾದ ಪೈಪು ಹಾಕಿದ ಮೇಲೆ ತಲೆಯ ಕಡೆಯ ತೊಂದರೆ ಕಡಿಮೆಯಾಯಿತು, ಆದರೆ ಅಲ್ಲಿ ನಿಲ್ಲದ ಕಸ ಮುಂದೆ ಹೋಗಿ ಬಸಳೆಯ ಬೇರಿನಲ್ಲಿ ಸಿಕ್ಕಿಕೊಂಡಿತು. ಬಸಳೆಯ ಬೇರು ಪೈಪಿನೊಳಗೆ ಜಡೆಗಟ್ಟುತ್ತದೆ. ಜಡೆಗೆ ಕಸ ಕೂಡಿದರೆ ಅದೊಂದು ಕಟ್ಟೆಯೇ ಸರಿ. ಕಟ್ಟೆಯ ಹಿಂದೆ ನಿಂತ ನೀರು ಗಿಡ ಕೂರಿಸಿದ ತೂತಿನಿಂದ ಉಕ್ಕಿ ಅಂಗಳಕ್ಕೆ ಹರಿಯುತ್ತದೆ, ಪಂಪು ತನ್ನಷ್ಟಕ್ಕೆ ಟ್ಯಾಂಕನ್ನು ಬರಿದು ಮಾಡುತ್ತಿರುತ್ತದೆ. ಮೀನು ಸಾಕಿದವರಿಗೆ ಇದಕ್ಕಿಂತ ದೊಡ್ಡ ಭಯವಿಲ್ಲ.

ಇದಕ್ಕೆ ಸರಿಯಾದ ಪರಿಹಾರ ಇಲ್ಲವೆಂದಲ್ಲ. ಟ್ಯಾಂಕಿಗೂ ಪೈಪಿಗೂ ನಡುವೆ ಕಸ ತಂಗುವುದಕ್ಕೊಂದು ಡ್ರಮ್ಮು, ಬ್ಯಾಕ್ಟೀರಿಯಾ ನೆಲೆಸುವುದಕ್ಕೆ ಇನ್ನೊಂದು ಡ್ರಮ್ಮು ಇಟ್ಟರೆ ಪೈಪಿನ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ಮೀನಿನ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಗಿಡ ಹೀರುವ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡೇ ಬದುಕಬೇಕು, ನುಣುಪಾದ ಪೈಪಿನಲ್ಲಿ ಅವುಗಳಿಗೆ ಅಷ್ಟು ಜಾಗವಿರುವುದಿಲ್ಲ. ನನ್ನ ಕಿಟ್ಟಿನಲ್ಲಿ ಈ ಎರಡು ಡ್ರಮ್ಮುಗಳೂ ಇರಲಿಲ್ಲ. ಸುಮಾರು 15,000 ರೂಪಾಯಿ ಕೊಟ್ಟ ಮೇಲೂ ಮುಖ್ಯ ಅಂಗವನ್ನು ನಾವೇ ಕಟ್ಟಿಕೊಳ್ಳಬೇಕಾದರೆ ಆ ಹಣ ಯಾತಕ್ಕೆ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಜಲ್ಲಿ ತೊಟ್ಟಿಯಲ್ಲಿ ಕಸ ಹಿಡಿಯುವುದು, ಬ್ಯಾಕ್ಟೀರಿಯಾಗಳಿಗೆ ನೆಲೆ ಕೊಡುವುದು, ಬೇರಿಗೆ ಆಸರೆಯಾಗುವುದು ಮೂರನ್ನೂ ಜಲ್ಲಿಯೇ ಮಾಡುತ್ತದೆ. 200 ಲೀಟರಿನ ಒಂದು ಡ್ರಮ್ಮನ್ನು ಸೀಳಿದರೆ ಎರಡು ಹೋಳೂ ಸೇರಿ ಹೆಚ್ಚುಕಡಿಮೆ ಒಂದು ಚದರ ಮೀಟರ್ ಜಾಗ ಸಿಗುತ್ತದೆ, ಆಳವೂ ಒಂದು ಅಡಿಯ ಹತ್ತಿರ ಬರುತ್ತದೆ. ಸೊಪ್ಪು ಬೆಳೆಯುವ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಸಾಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿದೆ. ನನ್ನ ಗೆಂಡೆ ಮೀನುಗಳಿಗೂ ಹರಿವೆಗೂ ಆ ಲೆಕ್ಕ ಚೆನ್ನಾಗಿ ಹೊಂದಿಕೊಂಡಿದೆ.

ಜಲ್ಲಿಯನ್ನು ಕ್ರಷರಿನಿಂದ ತಂದರೆ ಸಾಕು. 12ರಿಂದ 20 ಮಿ.ಮೀ. ಗಾತ್ರದ ಕರಿಕಲ್ಲಿನ ಜಲ್ಲಿಯನ್ನು ತೊಳೆದ ನೀರು ತಿಳಿಯಾಗುವ ತನಕ ತೊಳೆಯಬೇಕು. ಚಿರೆಕಲ್ಲಿನ ಚೂರು ಹಗುರವೆಂದು ಒಂದು ಹೋಳಿನಲ್ಲಿ ಹಾಕಿ ನೋಡಿದೆ. ಅದು ಕರಗಿ ಕೆಂಪು ರಾಡಿ ಬಿಟ್ಟಿತು, ತೆಗೆದುಹಾಕಿದೆ.

ಕರೆಂಟಿನ ವಿಷಯದಲ್ಲಂತೂ ಪೈಪಿಗೂ ಜಲ್ಲಿಗೂ ಹೋಲಿಕೆಯೇ ಇಲ್ಲ. ಆಷಾಢದ ಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ ಅರ್ಧ ದಿನ ಕರೆಂಟು ಬಾರದಿರುವುದು ನಮ್ಮಲ್ಲಿ ಹೊಸತಲ್ಲ. ಪೈಪಿನಲ್ಲಿ ಇರುವುದು ತೆಳುವಾದ ನೀರಿನ ಪದರ, ಅದು ಬೇಗ ಇಳಿದುಹೋಗುತ್ತದೆ. ಮೋಡ ಸರಿದು ಬಿಸಿಲು ಬಿದ್ದರೆ ಬೇರು ಒಣಗಲು ಹೆಚ್ಚು ಹೊತ್ತು ಬೇಡ. ಒದ್ದೆ ಜಲ್ಲಿಯೊಳಗಿನ ಬೇರು ಸಂಜೆಯ ತನಕ ತಡೆದುಕೊಳ್ಳುತ್ತದೆ. ಮೀನಿನ ಉಸಿರು ಮಾತ್ರ ಎರಡರಲ್ಲೂ ಅಪಾಯದಲ್ಲೇ ಇರುತ್ತದೆ, ಆದ್ದರಿಂದ ಬ್ಯಾಟರಿಯ ಏರ್ ಪಂಪನ್ನು ಮೊದಲ ದಿನವೇ ಕೊಂಡುಕೊಳ್ಳಬೇಕು.

ಜಲ್ಲಿ ತೊಟ್ಟಿಗೂ ಒಂದು ಹಟವಿದೆ. ತೊಟ್ಟಿ ತುಂಬಿದಾಗಲೆಲ್ಲ ನೀರನ್ನು ತಾನಾಗಿ ಬಸಿಯುವ ಬೆಲ್ ಸೈಫನ್ ಸರಿಹೋಗುವ ತನಕ ತಾಳ್ಮೆ ಬೇಕು: ಒಳಬರುವ ನೀರು ಕಡಿಮೆಯಾದರೆ ಅದು ಎಳೆಯಲು ಶುರುಮಾಡದೆ ಬರೀ ತೊಟ್ಟಿಕ್ಕುತ್ತದೆ, ಹೆಚ್ಚಾದರೆ ಎಳೆಯುವುದನ್ನು ನಿಲ್ಲಿಸುವುದೇ ಇಲ್ಲ. ವಾಲ್ವನ್ನು ಒಮ್ಮೆ ಹದಕ್ಕೆ ತಂದರೆ ಮತ್ತೆ ಅಪರೂಪಕ್ಕೆ ಮುಟ್ಟಿದರಾಯಿತು. ಅದರ ಬದಲು ಪಂಪಿಗೆ ಟೈಮರ್ ಹಾಕುವವರೂ ಇದ್ದಾರೆ. ಕರೆಂಟು ಹೋಗಿ ಬಂದರೂ ಹೊತ್ತು ತಪ್ಪದ ಸೈಫನ್ನೇ ನನಗೆ ಇಷ್ಟ.

ನಮ್ಮ ಚಿರೆನೆಲದ ಬಾವಿಯ ನೀರು ಮೆದು, ಅಂದರೆ ಸುಣ್ಣದ ಅಂಶ ಕಡಿಮೆ. ಬ್ಯಾಕ್ಟೀರಿಯಾಗಳ ಕೆಲಸದಿಂದ ನೀರಿಗೆ ಆಮ್ಲ ಸೇರುತ್ತಲೇ ಇರುವುದರಿಂದ ಪಿಎಚ್ 6ಕ್ಕಿಂತ ಕೆಳಗೆ ಜಾರಿದರೆ ಅವೂ ಮಂಕಾಗುತ್ತವೆ, ಅಮೋನಿಯಾ ಕೂಡುತ್ತದೆ. ಅಘನಾಶಿನಿ ನದಿಯ ಬಳಚಿನ (ಕಪ್ಪೆಚಿಪ್ಪಿನ ಜೀವಿಯ) ಚಿಪ್ಪನ್ನು ತೊಳೆದು, ಬಲೆಯ ಚೀಲದಲ್ಲಿ ಕಟ್ಟಿ, ನೀರು ಬೀಳುವಲ್ಲಿ ಇಟ್ಟಿದ್ದೇನೆ. ಚಿಪ್ಪು ನಿಧಾನವಾಗಿ ಕರಗಿ ಪಿಎಚ್ಚನ್ನು ಹಿಡಿದಿಡುತ್ತದೆ. ಪೈಪಿನ ವ್ಯವಸ್ಥೆಗೂ ಇದೇ ಮದ್ದು.

ಮಳೆಗಾಲದಲ್ಲಿ ಮೇಲೆ ಪಾರದರ್ಶಕ ಶೀಟಿನ ಮಾಡು ಎರಡಕ್ಕೂ ಬೇಕು.

ಮೀನಿನ ಆಯ್ಕೆಯ ಬಗ್ಗೆ ಒಂದು ಮಾತು. ಬಂಗಡೆ, ನೊಗಲಿ ಮನೆಬಾಗಿಲಿಗೆ ಬರುವ ಊರಿನಲ್ಲಿ ಟ್ಯಾಂಕಿನ ಮೀನನ್ನು ನಮ್ಮ ಮನೆಯಲ್ಲಿ ಯಾರೂ ಸಾರಿಗೆ ಬಯಸುವುದಿಲ್ಲ. ನಾನು ಮೀನು ಸಾಕುವುದು ಸೊಪ್ಪಿಗಾಗಿ. ಮೀನನ್ನೇ ಬೆಳೆಯಾಗಿ ನೋಡುವವರು ತಿಲಾಪಿಯಾದ ಕಡೆ ಒಲಿಯುತ್ತಾರೆ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೆರೆಕಟ್ಟೆಗಳ ಮೂಲ ಮೀನುಗಳನ್ನು ಒತ್ತರಿಸಿದ್ದು ಗೊತ್ತಿರುವ ಸಂಗತಿ. ಅಂಗಳದ ನೀರು ಗಜನಿಗೆ, ಅಂದರೆ ಹಿನ್ನೀರಿನ ತಗ್ಗು ಗದ್ದೆಗೆ, ಸೇರುವ ನಮ್ಮಂಥ ಕಡೆ ಅದನ್ನು ಸಾಕದಿರುವುದೇ ಒಳ್ಳೆಯದು.

ಪೈಪಿನ ಕಿಟ್ಟು ಯಾರಿಗೆ ಸರಿ ಎಂದರೆ, ತಾರಸಿಯ ಮೇಲೆ ಭಾರ ಇಡಲಾಗದವರಿಗೆ. ಡ್ರಮ್ಮಿನ ಒಂದು ಹೋಳಿಗೆ ಜಲ್ಲಿಯೇ ಸುಮಾರು 150 ಕಿಲೋ ಆಗುತ್ತದೆ, ನೀರು ಬೇರೆ. ನನಗೆ ಗಟ್ಟಿ ನೆಲದ ಅಂಗಳವಿದೆ, ದಿನವೂ ನಳಿಗೆ ತೊಳೆಯುವ ಪುರುಸೊತ್ತಿಲ್ಲ, ಡ್ರಮ್ಮು, ಜಲ್ಲಿ, ಫಿಟ್ಟಿಂಗುಗಳೆಲ್ಲ ಸೇರಿ ಕಿಟ್ಟಿನ ಮೂರನೇ ಒಂದು ಭಾಗದ ಖರ್ಚಿನಲ್ಲಿ ಮುಗಿದಿವೆ. ಹಳೆಯ ಪೈಪುಗಳಲ್ಲಿ ಎರಡನ್ನು ಈಗ ಜಲ್ಲಿ ತೊಟ್ಟಿಯ ನಂತರಕ್ಕೆ ಜೋಡಿಸಿದ್ದೇನೆ. ಜಲ್ಲಿಯಲ್ಲಿ ಸೋಸಿ ಬಂದ ತಿಳಿನೀರಿನಲ್ಲಿ ಒಂದೆಲಗ ಬೆಳೆಯುತ್ತಿದೆ, ನಳಿಗೆಗೆ ಕಡ್ಡಿ ತೂರಿಸುವ ಪ್ರಸಂಗ ಈವರೆಗೆ ಬಂದಿಲ್ಲ.